ರೀಪರ್: ಮನೆಯಲ್ಲಿ ಹಾಡಿದ ಹಾಡುಗಳನ್ನೆಲ್ಲ ಒಂದು ಹದಕ್ಕೆ ತರೋಕೆ

ಹಾಡು ರೆಕಾರ್ಡ್ ಮಾಡೋಕೆ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಒಂದು ದೇವರನಾಮಕ್ಕೆ ಬರೀ ತಂಬೂರಿ, ಮುಂದಿನ ಭಾವಗೀತೆಗೆ ಹಾರ್ಮೋನಿಯಂ, ತಬಲಾ ಎರಡೂ. ಒಂದನ್ನು ಕಿಟಕಿ ಮುಚ್ಚಿ ಹಾಡಿದ್ದು, ಇನ್ನೊಂದನ್ನು ಫ್ಯಾನ್ ಹಾಕಿಕೊಂಡು. ಸಾಲಾಗಿ ಕೇಳಿದರೆ ಪ್ರತಿ ಹಾಡಿಗೂ ಕೈ ವಾಲ್ಯೂಮ್ ಕಡೆ ಹೋಗುತ್ತದೆ. ನಾನು ಹಲವು ವರ್ಷಗಳಿಂದ ರೀಪರ್ (REAPER) ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಿಡದೆ ಇರುವುದು ಮುಖ್ಯವಾಗಿ ಈ ಒಂದು ಕೆಲಸಕ್ಕೆ.

ಮಿಕ್ಸ್, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿದ ಹಾಡುಗಳನ್ನೆಲ್ಲ ಒಂದೇ ಪ್ರಾಜೆಕ್ಟ್‌ಗೆ ತರುತ್ತೇನೆ. ಒಂದೊಂದಕ್ಕೂ ಬೇರೆ ಟ್ರ್ಯಾಕ್. ಈ ಹಾಡಿನ ಪಲ್ಲವಿಯಿಂದ ಆ ಹಾಡಿನ ಪಲ್ಲವಿಗೆ ಒಂದು ಕ್ಲಿಕ್‌ನಲ್ಲಿ ಹಾರಬಹುದು. ಹತ್ತು ಸೆಕೆಂಡ್ ಇದು, ಹತ್ತು ಸೆಕೆಂಡ್ ಅದು ಅಂತ ಕೇಳಿದರೆ ಯಾವುದು ಮಂಕು, ಯಾವುದು ಚುಚ್ಚುತ್ತದೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಸದ್ದು ಅಳೆಯೋಕೆ ಲೌಡ್‌ನೆಸ್ ಮೀಟರ್ ಇದರಲ್ಲೇ ಇದೆ, ಲಫ್ಸ್ (LUFS) ಲೆಕ್ಕದಲ್ಲಿ ತೋರಿಸುತ್ತದೆ. ಕಿವಿಗೆ ಎಷ್ಟು ಜೋರು ಅನ್ನುವ ಅಳತೆ ಇದು; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸದ್ದು ಕಡಿಮೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಲಫ್ಸ್ ಆಸುಪಾಸಿಗೆ ತಂದು ನುಡಿಸುತ್ತದೆ. ಹಾಗಾದರೆ ಎಲ್ಲವನ್ನೂ ಮೈನಸ್ 14ಕ್ಕೆ ನಾರ್ಮಲೈಸ್ ಮಾಡಿದರೆ ಮುಗೀತಲ್ವಾ? ಇಲ್ಲ. ಮೀಟರ್ ಅಳೆಯುವುದು ಇಡೀ ಹಾಡನ್ನು. ತಂಬೂರಿ ಹಾಡಿನಲ್ಲಿ ಇರುವ ಸದ್ದೆಲ್ಲ ಗಾಯಕಿಯದ್ದೇ. ತಬಲಾ, ಹಾರ್ಮೋನಿಯಂ ಇರುವ ಹಾಡಿನಲ್ಲಿ ಅದನ್ನು ಮೂವರು ಹಂಚಿಕೊಂಡಿರುತ್ತಾರೆ. ಎರಡಕ್ಕೂ ಒಂದೇ ನಂಬರ್ ಕೊಟ್ಟರೆ ತಂಬೂರಿ ಹಾಡಿನ ದನಿ ಕಿವಿಯ ಹತ್ತಿರ ಬಂದು ಕೂಗಿದಂತೆ ಕೇಳುತ್ತದೆ. ಹಾಗಾಗಿ ನಾನು ಸರಿದೂಗಿಸುವುದು ದನಿಯನ್ನು. ತುಂಬಿದ ಹಾಡು ಮೈನಸ್ 14ರಲ್ಲಿದ್ದರೆ ತಂಬೂರಿಯದ್ದು ಮೈನಸ್ 16, ಕೆಲವೊಮ್ಮೆ 17. ಸ್ಪಾಟಿಫೈಯಲ್ಲಿ ಆಲ್ಬಮ್ ಆಗಿ ಕೇಳಿದರೂ ಈ ಅಂತರ ಹಾಗೇ ಉಳಿಯುತ್ತದೆ. ಅಲ್ಲಿ ಇಡೀ ಆಲ್ಬಮ್ಮನ್ನು ಒಟ್ಟಿಗೇ ಏರಿಸುತ್ತಾರೆ, ಇಳಿಸುತ್ತಾರೆ.

ಈಕ್ಯೂ (ಸದ್ದಿನ ಮಂದ್ರ, ತಾರ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ವಿಷಯಕ್ಕೆ ಬಂದರೆ, ಜೊತೆಗೇ ಬರುವ ರಿಯಾಈಕ್ಯೂ ನನಗೆ ಸಾಕು. ಸಣ್ಣ ಕೋಣೆಯಲ್ಲಿ ಹಾಡಿದ್ದಕ್ಕೆ ಡಬ್ಬದೊಳಗಿಂದ ಬಂದ ಹಾಗೆ ಒಂದು ಗುಂಯ್ ಇರುತ್ತದೆ. ಹೆಚ್ಚಾಗಿ 250ರಿಂದ 400 ಹರ್ಟ್ಜ್ ನಡುವೆ. ಈಕ್ಯೂ ಗ್ರಾಫಿನಲ್ಲಿ ಅಲ್ಲೊಂದು ಚುಕ್ಕಿ ಹಿಡಿದು ಮೊದಲು ಮೇಲಕ್ಕೆ ಎಳೆದು ಆಚೀಚೆ ಸರಿಸುತ್ತೇನೆ. ಗುಂಯ್ ಜಾಸ್ತಿಯಾದ ಜಾಗದಲ್ಲಿ ನಿಲ್ಲಿಸಿ ಮೂರು ಡಿಬಿ ಕೆಳಕ್ಕೆ. ಆದರೆ ಹೀಗೆ ಕತ್ತರಿಸಿದಾಗ ಒಟ್ಟು ಸದ್ದೂ ಸ್ವಲ್ಪ ಇಳಿಯುತ್ತದೆ. ನಮ್ಮ ಕಿವಿಗೆ ಜೋರಾಗಿದ್ದದ್ದೇ ಚೆನ್ನಾಗಿ ಕೇಳುವುದು! ಅದಕ್ಕೇ ಬಲಗಡೆಯ ಗೇನ್ ಪಟ್ಟಿಯನ್ನು ಒಟ್ಟು ಸದ್ದು ಇಳಿದಷ್ಟೇ ಏರಿಸಿ, ಆಮೇಲೆ ಬೈಪಾಸ್ ಮಾಡಿ, ಅಂದರೆ ಈಕ್ಯೂ ಆಫ್ ಮಾಡಿ, ಹೋಲಿಸಬೇಕು. ಇಷ್ಟು ಮಾಡದೆ ಈಕ್ಯೂ ಬಗ್ಗೆ ತೀರ್ಪು ಕೊಡುವುದು ಸುಮ್ನೆ.

ಫ್ಯಾನಿನ ಗುಡುಗುಡು ತೆಗೆಯೋಕೆ ಗಾಯನದ ಟ್ರ್ಯಾಕ್‌ಗೆ 80 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕುತ್ತೇನೆ. ಅದೇ ಫಿಲ್ಟರನ್ನು ಇಡೀ ಮಿಕ್ಸ್‌ಗೆ ಹಾಕಿದರೆ ಡಗ್ಗಾದ (ತಬಲಾ ಜೋಡಿಯ ದೊಡ್ಡದರ) ತೂಕವೇ ಹೋಗುತ್ತದೆ, ಜೋಕೆ. ಹಾರ್ಮೋನಿಯಂ ದನಿಯನ್ನು ಮುಚ್ಚುತ್ತಿದ್ದರೆ ಹಾರ್ಮೋನಿಯಂ ಟ್ರ್ಯಾಕನ್ನೇ 2 ಕಿಲೋಹರ್ಟ್ಜ್ ಸುತ್ತ ತುಸು ತಗ್ಗಿಸಿದರೆ ಆಯಿತು. ಇಂಥದ್ದಕ್ಕೆಲ್ಲ ಮಿಕ್ಸ್‌ಗೇ ವಾಪಸ್ ಹೋಗಬೇಕು. ಕೊನೆಗೆ, ಸದ್ದು ಒಂದು ಮಿತಿ ದಾಟದಂತೆ ತಡೆಯುವ ರಿಯಾಲಿಮಿಟ್, ಮೈನಸ್ 1 ಡಿಬಿಯಲ್ಲಿ. ಒಂದೊಂದು ಹಾಡಿಗೂ ಎಲ್ಲಿಂದ ಎಲ್ಲಿಯವರೆಗೆ ಅಂತ ರೀಜನ್ ಗುರುತು ಹಾಕಿಟ್ಟರೆ ಎಲ್ಲಾ ಫೈಲುಗಳೂ ಒಂದೇ ಸಲಕ್ಕೆ ಹೊರಬರುತ್ತವೆ.

ಇನ್ನು ಇಷ್ಟವಾಗದ್ದು. ನೋಡೋಕೆ ಅಷ್ಟೇನೂ ಚೆಂದವಿಲ್ಲ, ಮೆನು ಒಳಗೆ ಮೆನು. ‘ಹೆಣ್ಣು ದನಿ’, ‘ತಬಲಾ’ ಅಂತ ಸಿದ್ಧ ಸೆಟ್ಟಿಂಗ್ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಕೀಬೋರ್ಡ್ ವಾದ್ಯಗಳ ಸೌಂಡ್ ಬೇಕಿದ್ದರೆ ಬಹುಪಾಲು ಹೊರಗಿನಿಂದಲೇ ತರಬೇಕು. ಬರೀ ಒಂದು ಹಾಡು ಕತ್ತರಿಸಿ ವಾಟ್ಸಾಪ್‌ಗೆ ಹಾಕುವವರಿಗೆ ಇದು ಬೇಡ, ಆಡಾಸಿಟಿಯಂಥ ಸರಳ ಸಾಫ್ಟ್‌ವೇರ್ ಸಾಕು.

60 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು. ಸ್ವಂತಕ್ಕೆ ಬಳಸುವವರ ಲೈಸೆನ್ಸ್ 60 ಡಾಲರ್, ವರ್ಷ ವರ್ಷ ಕಟ್ಟುವ ಗೋಜಿಲ್ಲ. 7ನೇ ಆವೃತ್ತಿಗೆ ಕೊಂಡದ್ದು 8ನೇ ಆವೃತ್ತಿಗೂ ನಡೆಯುತ್ತದೆ. ಹಳೇ ಲ್ಯಾಪ್‌ಟಾಪ್ ಇದ್ದರೂ ಧೈರ್ಯವಾಗಿ ಹಾಕಿಕೊಳ್ಳಿ. ಉಳಿದ ದುಡ್ಡಿಗೆ ಒಂದು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ.