ಗ್ರೂಪ್ ರಿಂಗ್ ಲೆಕ್ಕಕ್ಕೆ ಗ್ಯಾಪ್: ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತದೆ

ಡಿಸ್ಕ್ರೀಟ್ ಗ್ರೂಪಿನ ಮೇಲೆ ಸೀಮಿತ ಬಿಂದುಗಳಲ್ಲಷ್ಟೇ ಸೊನ್ನೆಯಲ್ಲದ ಬೆಲೆಯಿರುವ ಫಂಕ್ಷನ್‌ಗಳ ಕನ್ವಲ್ಯೂಷನ್ ಎಂದರೆ ಗ್ರೂಪ್ ರಿಂಗಿನ (ಗ್ರೂಪಿನ ಅಂಶಗಳನ್ನು ಸಹಗುಣಕಗಳೊಡನೆ ಕೂಡಿಸಿದ ಮೊತ್ತಗಳ ವ್ಯವಸ್ಥೆಯ) ಗುಣಾಕಾರವೇ. ಆಖೆನ್‌ನಲ್ಲಿ 1986ರಲ್ಲಿ ಶುರುವಾದ, ಗ್ರೂಪುಗಳ ಲೆಕ್ಕ ಮಾಡುವ ಉಚಿತ ತಂತ್ರಾಂಶ ಗ್ಯಾಪ್ ಈ ಕೆಲಸಕ್ಕೆ ತುಂಬ ಚೆನ್ನಾಗಿ ಒದಗುತ್ತದೆ. ‘ಗ್ರೂಪ್‌ರಿಂಗ್’ ಆದೇಶಕ್ಕೆ ಫೀಲ್ಡ್ (ಭಿನ್ನರಾಶಿಗಳಂಥ ಸಂಖ್ಯಾವ್ಯವಸ್ಥೆ) ಮತ್ತು ಗ್ರೂಪ್ ಕೊಟ್ಟರೆ ರಿಂಗ್ ಸಿದ್ಧ. ‘ಎಂಬೆಡಿಂಗ್’ ಗ್ರೂಪಿನ ಅಂಶವನ್ನು ರಿಂಗಿನೊಳಗೆ ಒಯ್ಯುತ್ತದೆ. ಭಿನ್ನರಾಶಿಗಳು ನಿಖರವಾಗಿಯೇ ಉಳಿಯುವುದರಿಂದ ಸೊನ್ನೆ ಬಂದರೆ ಅದು ನಿಜವಾದ ಸೊನ್ನೆ. ಮೊದಲ ಪರೀಕ್ಷೆಗೆ ಆರರ ಚಕ್ರೀಯ ಗ್ರೂಪ್ ಸಾಕು (ಜಿ ಅದರ ಜನಕ, ಅಂದರೆ ಉಳಿದೆಲ್ಲ ಅಂಶಗಳನ್ನು ಹುಟ್ಟಿಸುವ ಅಂಶ): (1 − ಜಿ)(1 + ಜಿ + … + ಜಿ⁵) = 0.

ತೊಡಕು ಬರುವುದು ಅನಂತ ಗ್ರೂಪಿನಲ್ಲಿ. ಜನಕಗಳನ್ನೂ ಸಂಬಂಧಗಳನ್ನೂ ಕೊಟ್ಟು ಕಟ್ಟಿದ ಗ್ರೂಪಿನಲ್ಲಿ ಎರಡು ಪದಗಳು (ಜನಕಗಳನ್ನು ಸಾಲಾಗಿ ಗುಣಿಸಿ ಬರೆದವು) ಒಂದೇ ಅಂಶವೇ ಎಂದು ತೀರ್ಮಾನಿಸದೆ ಸಹಗುಣಕಗಳನ್ನು ಕೂಡಿಸುವಂತಿಲ್ಲ. ಆ ಹೋಲಿಕೆ ಮುಗಿಯದೆಯೇ ಹೋಗಬಹುದು. ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಮ್ಯಾಟ್ರಿಕ್ಸ್ ರೂಪ ಬಳಸಿ. ಎರಡು ಜನಕಗಳ ಅನಂತ ಗ್ರೂಪಾದ ಪ್ರೊಮಿಸ್ಲೋ ಗ್ರೂಪಿಗೆ 4×4 ಪೂರ್ಣಾಂಕ ಮ್ಯಾಟ್ರಿಕ್ಸ್‌ಗಳು ಸಾಕು: ಒಂದು ಜನಕದ ಕರ್ಣ (1, −1, −1, 1), ಕೊನೆಯ ಕಂಬಸಾಲು (1, 1, 0, 1), ಇನ್ನೊಂದಕ್ಕೆ ಕರ್ಣ (−1, 1, −1, 1), ಕಂಬಸಾಲು (0, 1, 1, 1). ಉಳಿದೆಡೆ ಸೊನ್ನೆ. ಯೂನಿಟ್ ಊಹೆ ಎಂದರೆ, 1 ಬಿಟ್ಟು ಬೇರಾವ ಅಂಶದ ಘಾತವೂ 1 ಆಗದ ಗ್ರೂಪಿನ ರಿಂಗಿನಲ್ಲಿ ಒಂದೇ ಗ್ರೂಪ್ ಅಂಶದ ಗುಣಕಗಳಿಗಷ್ಟೇ ವಿಲೋಮವಿರುತ್ತದೆ ಎಂಬ ಊಹೆ. ಗಣಿತಜ್ಞ ಗೈಲ್ಸ್ ಗಾರ್ಡಮ್ 2021ರಲ್ಲಿ ಇದೇ ಗ್ರೂಪಿನ ರಿಂಗಿನಲ್ಲಿ ಅದನ್ನು ಸುಳ್ಳಾಗಿಸಿದ, 21 ಗ್ರೂಪ್ ಅಂಶಗಳ ಮೊತ್ತವಾದ ಅಂಶವನ್ನು ಹೀಗೆ ತಾಳೆ ನೋಡಬಹುದು: ಅದನ್ನೂ ಅದರ ವಿಲೋಮವನ್ನೂ ಗುಣಿಸಿದಾಗ ಬರುವ 441 ಜೋಡಿಗಳು ಎರಡು ಅಂಶಗಳ ಫೀಲ್ಡಿನಲ್ಲಿ ಒಂದನ್ನೊಂದು ಅಳಿಸಿಕೊಂಡು 1 ಮಾತ್ರ ಉಳಿಯುತ್ತದೆ. ಅಂಥ ಅಂಶವನ್ನು ಹುಡುಕುವುದು ಮಾತ್ರ ಗ್ಯಾಪ್‌ನ ಕೆಲಸವಲ್ಲ. ಗಾರ್ಡಮ್ ಅದಕ್ಕೆ ಸ್ಯಾಟ್ ಸಾಲ್ವರ್ (ಹೌದು-ಇಲ್ಲ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸುವ ಉತ್ತರ ಹುಡುಕುವ ತಂತ್ರಾಂಶ) ಬಳಸಿದ್ದರು.

ಎಲ್-ಪಿ ಅವಕಾಶಗಳಿಗೆ (ಬೆಲೆಗಳ ನಿರಪೇಕ್ಷ ಮೌಲ್ಯದ ಪಿ-ನೇ ಘಾತಗಳ ಮೊತ್ತ ಸೀಮಿತವಾಗಿರುವ ಫಂಕ್ಷನ್‌ಗಳು) ಬಂದರೆ ಈ ತಂತ್ರಾಂಶ ಸಾಲದು. ಬರೀ ನಿಧಾನವಾದರೆ ತಡೆದುಕೊಳ್ಳಬಹುದಿತ್ತು, ಇದು ದಾರಿಯನ್ನೇ ತಪ್ಪಿಸುತ್ತದೆ. ಎರಡು ಜನಕಗಳ ಮುಕ್ತ ಗ್ರೂಪಿನಲ್ಲಿ (ಜನಕಗಳ ನಡುವೆ ಯಾವ ಸಂಬಂಧವೂ ಇಲ್ಲದ್ದು) ಜನಕಗಳ ಮತ್ತು ಅವುಗಳ ವಿಲೋಮಗಳ ಮೊತ್ತವನ್ನು ಎಫ್ ಎನ್ನಿ. ಉದ್ದ 2ಕೆ ಇರುವ ಪದಗಳಲ್ಲಿ (−1/3)ರ ಕೆ-ನೇ ಘಾತ, ಬೆಸ ಉದ್ದದಲ್ಲಿ ಸೊನ್ನೆ, ಇದು ಜಿ ಎಂಬ ಫಂಕ್ಷನ್ (ಮೇಲಿನ ಜನಕ ಜಿ ಅಲ್ಲ). ಎರಡರ ಕನ್ವಲ್ಯೂಷನ್ ಎಲ್ಲೆಡೆ ಸೊನ್ನೆ. 2ಕೆ ಉದ್ದದ ಪದಗಳು 4·3^(2ಕೆ−1) ಇರುವುದರಿಂದ ಪಿ > 2 ಆದಾಗ ಮಾತ್ರ ಜಿ ಎಲ್-ಪಿ ಒಳಗಿರುತ್ತದೆ. ಪಿ = 2ಕ್ಕೆ ಉದ್ದ 2ರಿಂದ ಮುಂದಿನ ಪ್ರತಿ ಸಮ ಪದರವೂ 4/3 ಸೇರಿಸುತ್ತ ಹೋಗಿ ಮೊತ್ತ ಹಿಗ್ಗುತ್ತದೆ. ಮುಕ್ತ ಗ್ರೂಪಿನ ಎಲ್-2ರಲ್ಲಿ ಇಂಥ ಜಿ ಸಿಗುವುದೇ ಇಲ್ಲವೆಂದು ಗಣಿತಜ್ಞ ಪೀಟರ್ ಲಿನ್ನೆಲ್ ಸಾಧಿಸಿದ್ದಾರೆ.

ಗ್ಯಾಪ್‌ನಲ್ಲಿ ಜಿಯನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ತ್ರಿಜ್ಯ 10ಕ್ಕೆ (ಉದ್ದ 10ರವರೆಗೆ) ಕತ್ತರಿಸಿದರೆ ಸೊನ್ನೆಯಲ್ಲದ ಬೆಲೆಯ 88,573 ಪದಗಳು, ಸುಲಭವಾಗಿ ನಿಭಾಯಿಸಬಹುದು. ತ್ರಿಜ್ಯ 20ಕ್ಕೆ ಸುಮಾರು 523 ಕೋಟಿ, ಆ ಆಸೆ ಬಿಡಿ. ತ್ರಿಜ್ಯ 10ರಲ್ಲಿ ಒಳಗೆಲ್ಲ ಸೊನ್ನೆ ಬರುತ್ತದೆ, ಆದರೆ ಉದ್ದ 11ರ 2,36,196 ಪದಗಳಲ್ಲಿ ತಲಾ −1/243 ಉಳಿಯುತ್ತದೆ. ಬಿಡಿಯಾಗಿ ನೋಡಿದರೆ ಚಿಕ್ಕದು. ವರ್ಗ ಮಾಡಿ ಕೂಡಿದರೆ ಸರಿಯಾಗಿ 4, ಅಂದರೆ ಎಲ್-2 ನಾರ್ಮ್ 2. ತ್ರಿಜ್ಯ ಎಷ್ಟೇ ಹಿಗ್ಗಿಸಿ, ಅದು 2 ಆಗಿಯೇ ಇರುತ್ತದೆ. ಗರಿಷ್ಠ ಬೆಲೆಯನ್ನಷ್ಟೇ ನೋಡುವವರು ಇದನ್ನು ಸೊನ್ನೆಯತ್ತ ಸಾಗುತ್ತಿದೆ ಎಂದು ಓದಿಬಿಡುತ್ತಾರೆ. ಬೆಲೆ ಪದದ ಉದ್ದವನ್ನಷ್ಟೇ ಅವಲಂಬಿಸಿರುವ ಇಂಥ ಫಂಕ್ಷನ್‌ಗಳಿಗೆ, ಹಿಂದಿನ ಬೆಲೆ + 3 × ಮುಂದಿನ ಬೆಲೆ = 0 ಎಂಬ ಸಮೀಕರಣವನ್ನು ಕಾಗದದ ಮೇಲೆ ಬಿಡಿಸಿ, ಸಣ್ಣ ತ್ರಿಜ್ಯದ ಒಳಭಾಗವನ್ನು ತಾಳೆ ನೋಡಲು ಮಾತ್ರ ಗ್ಯಾಪ್ ಬಳಸಿ.