ಒಂದು ಕಟ್ಟು ಆಲ್ಡರ್ ಸಸಿ: ನಾಲ್ಕು ಬೇಸಿಗೆಗಳ ನಂತರ

ಇಂಗ್ಲೆಂಡಿನ ಲ್ಯಾಂಕಾಶೈರ್‌ನ ರಿಬಲ್ ಕಣಿವೆಯಲ್ಲಿ ನಮ್ಮ ಮನೆ. ಹಿಂದೆ ಹತ್ತು ಗುಂಟೆಯಷ್ಟು ಜಾಗ, ಅದರ ಕೊನೆಗೆ ಒಂದು ಹಳ್ಳ. ಹಳ್ಳದ ಕಡೆಗೆ ಇಳಿಯುವ ಮೂರನೇ ಒಂದು ಪಾಲು ನವೆಂಬರಿನಿಂದ ಮಾರ್ಚಿನವರೆಗೆ ಜವುಗು. ಅಂಟುಮಣ್ಣು, ಕಾಲಿಟ್ಟರೆ ಬೂಟು ಅಲ್ಲೇ ಉಳಿಯುತ್ತದೆ. ಹಾಕಿದ ಸೇಬಿನ ಗಿಡ ಎರಡನೇ ಚಳಿಗಾಲಕ್ಕೆ ಬೇರು ಕೊಳೆತು ಸತ್ತಿತು. ನೆಲದಡಿ ಕೊಳವೆ ಹಾಕಿ ನೀರು ಬಸಿಯುವಂತೆ ಮಾಡಲು ಗುತ್ತಿಗೆದಾರರೊಬ್ಬರು ನಾಲ್ಕು ಸಾವಿರ ಪೌಂಡ್ ಆಗುತ್ತದೆ ಎಂದರು.

ಆ ವಾರ ಸಾಗರಕ್ಕೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹಳ್ಳದ ದಡದಲ್ಲಿ ತಾನಾಗಿಯೇ ಬೆಳೆದಿರುವ ಮರ ಯಾವುದು, ನೋಡಿದ್ದೀಯಾ ಮಗಳೇ?" ನೋಡಿರಲಿಲ್ಲ. ಮರುದಿನ ಹೋಗಿ ನೋಡಿದೆ. ದಡದುದ್ದಕ್ಕೂ ಆಲ್ಡರ್, ನೀರಿನೊಳಗೇ ಬೇರು ಬಿಟ್ಟು ನಿಂತಿತ್ತು. ನಾಲ್ಕು ಸಾವಿರದ ಕೊಳವೆಯ ಬದಲು ಐವತ್ತು ಪೌಂಡಿನೊಳಗೆ ಇಪ್ಪತ್ತೈದು ಸಸಿಗಳ ಒಂದು ಕಟ್ಟನ್ನು ತರಿಸಿದೆ. ಆ ಕಟ್ಟಿನ ವಿಮರ್ಶೆ ಇದು. ತಪ್ಪುಗಳನ್ನೂ ಬರೆಯುತ್ತಿರುವುದರಿಂದ ನರ್ಸರಿಯ ಹೆಸರು ಬೇಡ. ಈ ದೇಶದಲ್ಲಿ ಅಂಚೆಯ ಮೂಲಕ ಸಸಿ ಮಾರುವ ಯಾರಲ್ಲಿ ಕೊಂಡರೂ ನಾನು ಹೇಳುವುದು ಉಪಯೋಗಕ್ಕೆ ಬರುತ್ತದೆ.

ಕೊಂಡದ್ದು ಸಾಮಾನ್ಯ ಆಲ್ಡರ್, ಆಲ್ನಸ್ ಗ್ಲುಟಿನೋಸಾ. ಎತ್ತರ ಎರಡೂವರೆ ಅಡಿಯೊಳಗೆ. ಕುಂಡದಲ್ಲಿ ಬೆಳೆಸಿದ್ದಲ್ಲ, ಮಣ್ಣು ಕೊಡವಿದ ಬರಿಬೇರಿನ ಸಸಿ. ಎಲೆಯುದುರಿ ಗಿಡ ಮಲಗಿರುವ ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ ಇವನ್ನು ಮಾರುತ್ತಾರೆ. ಅದೇ ನರ್ಸರಿಯಲ್ಲಿ ಕುಂಡದ ಒಂದು ಗಿಡದ ಬೆಲೆಗೆ ಇಂಥ ಎಂಟು ಬರುತ್ತಿದ್ದವು.

ಕಟ್ಟು ಬಂದದ್ದು 2022ರ ಜನವರಿಯಲ್ಲಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ಒಂದು ಮೂಲೆ ಹರಿದಿತ್ತು. ಆ ಕಡೆಯ ಬೇರುಗಳು ಒಣಗಿ ನಾರಿನ ಹಗ್ಗದಂತಾಗಿದ್ದವು. ಇದು ಸಣ್ಣ ದೋಷವಲ್ಲ. ಬೇರಿನ ತೇವವೇ ಬರಿಬೇರಿನ ಸಸಿಯ ಪ್ರಾಣ. ಬಿಸಿಲು ಗಾಳಿಗೆ ಸ್ವಲ್ಪ ಹೊತ್ತು ಒಡ್ಡಿದರೂ ನವಿರು ಬೇರುಗಳು ಸಾಯುತ್ತವೆ. ಇಡೀ ಕಟ್ಟನ್ನು ಎರಡು ಗಂಟೆ ಬಕೆಟ್ ನೀರಿನಲ್ಲಿಟ್ಟೆ, ಅಂದೇ ನೆಡಲು ಆಗದ್ದನ್ನು ಒದ್ದೆ ಮಣ್ಣಿನಲ್ಲಿ ಹೂತಿಟ್ಟೆ. ನಿಮ್ಮ ಕಟ್ಟು ಬಂದ ದಿನ ಮಾಡಬೇಕಾದ ಮೊದಲ ಕೆಲಸ ಚೀಲ ಬಿಚ್ಚಿ ಬೇರು ಮುಟ್ಟಿ ನೋಡುವುದು. ಒಣಗಿದ್ದರೆ ಆಗಲೇ ಫೋಟೋ ತೆಗೆದು ಕಳುಹಿಸಿ.

ಉಳಿದ ಬೇರುಗಳನ್ನು ನೋಡಿ ಮಾತ್ರ ಬಹಳ ಖುಷಿಯಾಯಿತು. ಅಲ್ಲಲ್ಲಿ ಕಿತ್ತಳೆ ಬಣ್ಣದ ಪುಟ್ಟ ಗಂಟುಗಳು. ಅಲಸಂದೆ ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳದ್ದೇ ಕೆಲಸ ಇವಕ್ಕೂ: ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುದು. ಅಲಸಂದೆಯಲ್ಲಿ ರೈಜೋಬಿಯಂ, ಆಲ್ಡರ್‌ನಲ್ಲಿ ಫ್ರಾಂಕಿಯಾ ಎಂಬ ಬೇರೆಯೇ ಬ್ಯಾಕ್ಟೀರಿಯಾ. ಹಾಗಾಗಿ ಗೊಬ್ಬರ ಕೊಳ್ಳಬೇಡಿ, ನೆಡುವಾಗಲೂ ಬೇಡ, ಆಮೇಲೂ ಬೇಡ. ನರ್ಸರಿಯವರು ಸಸಿಯ ಜೊತೆಗೆ ಗೊಬ್ಬರದ ಪೊಟ್ಟಣವನ್ನೂ ಮಾರಲು ನೋಡುತ್ತಾರೆ. ಸಿಕ್ಕಿಂನಲ್ಲಿ ಇದೇ ಕುಲದ ಉತಿಸ್ ಮರದ ನೆರಳಿನಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ. ನಾಗಾಲ್ಯಾಂಡಿನ ಖೊನೊಮಾದಲ್ಲಿ ಹೊಲದ ನಡುವೆಯೇ ಅದನ್ನು ಉಳಿಸಿಕೊಂಡು, ಮೇಲಿನಿಂದ ಕಡಿದು, ಮಣ್ಣಿನ ಸಾರ ಕಾಪಾಡುತ್ತಾರೆ. ಇದನ್ನು ಕೇಳಿದ ಅಪ್ಪ ನಮ್ಮ ಬೇಲಿಯ ಗ್ಲಿರಿಸಿಡಿಯಾವನ್ನು ನೆನಪಿಸಿಕೊಂಡರು.

ನೆಡುವುದು ಸುಲಭ. ಸನಿಕೆಯನ್ನು ನೆಲಕ್ಕೆ ಊರಿ, ಹಿಂದೆ ಬಾಗಿಸಿ ಸೀಳು ಮಾಡಿ, ಬೇರು ಮಡಚದಂತೆ ಇಳಿಸಿ, ಹಿಮ್ಮಡಿಯಿಂದ ಒತ್ತುವುದು. ನರ್ಸರಿಯಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ಇಲ್ಲಿಯೂ ಅಲ್ಲಿಯೇ ಇರಬೇಕು. ಕಷ್ಟವಿರುವುದು ಹುಲ್ಲಿನಲ್ಲಿ. ಬುಡದ ಸುತ್ತ ಒಂದು ಮೀಟರ್ ಅಗಲ ಹುಲ್ಲು ಬರದಂತೆ ರಟ್ಟು ಹಾಸಿ ಮರದ ಚೂರಿನ ಹೊದಿಕೆ ಹಾಕಿದೆ, ಮೂರು ವರ್ಷ ಬಿಡದೆ. ಮೊಲಗಳಿಗಾಗಿ ಕೊಂಡ ಸುರುಳಿ ಪ್ಲಾಸ್ಟಿಕ್ ಕವಚಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಮೂರನೇ ವರ್ಷ ಅವು ಚೂರುಚೂರಾಗಿ ಹಳ್ಳದತ್ತ ಹಾರತೊಡಗಿದವು. ಒಂದು ಭಾನುವಾರವಿಡೀ ಕೂತು ಆರಿಸಿದೆ. ಈಗ ಕೊಳ್ಳುವುದಾದರೆ ತಂತಿ ಬಲೆ.

ಆ ಮೊದಲ ಬೇಸಿಗೆಯೇ ಪರೀಕ್ಷೆ. 2022ರ ಜುಲೈ 19ರಂದು ಬ್ರಿಟನ್ನಿನ ಉಷ್ಣಾಂಶ ಮೊದಲ ಬಾರಿಗೆ 40 ಡಿಗ್ರಿ ದಾಟಿತು. ನಮ್ಮಲ್ಲಿ ಅಷ್ಟಿರಲಿಲ್ಲ, ಆದರೂ ಮೇಲಿನ ಒಣ ಅಂಚಿನಲ್ಲಿ ನೆಟ್ಟ ಮೂರು ಸಸಿಗಳು ದಿನಾ ನೀರು ಹೊತ್ತರೂ ಉಳಿಯಲಿಲ್ಲ. ಕೆಳಗೆ ಕೆಸರಿನಲ್ಲಿದ್ದ ಒಂದಕ್ಕೂ ಏನೂ ಆಗಲಿಲ್ಲ. ಈ ಮರಕ್ಕೆ ನೀರು ಬೇಕು. ನಿಮ್ಮದು ಮರಳು ಮಣ್ಣಾದರೆ ಇದನ್ನು ಕೊಳ್ಳಬೇಡಿ. ಒಣ ನೆಲವನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುವುದು ಇಟಾಲಿಯನ್ ಆಲ್ಡರ್.

ನರ್ಸರಿಯ ಎರಡನೆಯ ತಪ್ಪು ತಿಳಿದದ್ದು ಮೇ ತಿಂಗಳಲ್ಲೇ. ಸಾಮಾನ್ಯ ಆಲ್ಡರ್‌ನ ಎಲೆ ದುಂಡಗೆ, ತುದಿ ಮೊಂಡು, ಎಷ್ಟೋ ಸಲ ನಡುವೆ ಸಣ್ಣ ಕಚ್ಚು. ಐದು ಸಸಿಗಳಲ್ಲಿ ಎಲೆಯ ತುದಿ ಚೂಪಾಗಿತ್ತು, ಅಡಿಭಾಗ ಬೂದು. ಅವು ಬೂದು ಆಲ್ಡರ್. ಕಟ್ಟಿನ ಚೀಟಿಯಲ್ಲಿ ಒಂದೇ ಹೆಸರಿತ್ತು. ಎರಡು ಬಾರಿ ಬರೆದ ಮೇಲೆ ಕ್ಷಮೆ ಕೇಳಿ ಮುಂದಿನ ಚಳಿಗಾಲಕ್ಕೆ ಹತ್ತು ಸಸಿ ಕಳುಹಿಸಿದರು. ಅವುಗಳ ಬೇರು ತೇವವಾಗಿದ್ದವು, ಎಲ್ಲವೂ ಬದುಕಿದವು. ಈ ಒಂದು ಕಾರಣಕ್ಕೆ ಅವರಲ್ಲಿ ಮತ್ತೆ ಕೊಳ್ಳುತ್ತೇನೆ.

ಕೀಟದ ವಿಷಯ. 2024ರ ಜೂನಿನಲ್ಲಿ ಎಲೆಗಳು ಜರಡಿಯಾದವು. ನೀಲಿ ಮಿಂಚಿನ ಕಪ್ಪು ದುಂಬಿ, ಅದರ ಕರಿ ಮರಿಹುಳುಗಳು. ಈ ದೇಶದಲ್ಲಿ ಅಳಿದೇಹೋಗಿದೆ ಎಂದುಕೊಂಡಿದ್ದ ಆಲ್ಡರ್ ಎಲೆದುಂಬಿ 2004ರಲ್ಲಿ ಮ್ಯಾಂಚೆಸ್ಟರ್ ಭಾಗದಲ್ಲಿ ಮತ್ತೆ ಕಂಡು, ನಮ್ಮ ಕಡೆಗೆಲ್ಲ ಹರಡಿದೆ. ಕೆಳಗೆ ಹಳ್ಳವಿರುವಾಗ ಔಷಧಿ ಸಿಂಪಡಿಸುವ ಮಾತೇ ಇಲ್ಲ. ಬಿಟ್ಟುಬಿಟ್ಟೆ. ಆಗಸ್ಟಿನಲ್ಲಿ ಹೊಸ ಎಲೆ ಬಂತು. ನಿಜವಾಗಿ ಹೆದರಬೇಕಾದದ್ದು ಬೇರೆ. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರಾ ಕುಲದ್ದೇ ಇನ್ನೊಂದು ಜೀವಿ ಆಲ್ಡರ್‌ನ ಬುಡ ಕೊಳೆಸುತ್ತದೆ. ಬ್ರಿಟನ್ನಿನಲ್ಲಿ ಅದು ಮೊದಲು ಕಂಡದ್ದು 1993ರಲ್ಲಿ. ಬೇಸಿಗೆಯಲ್ಲೇ ಎಲೆ ಸಣ್ಣದಾಗಿ, ವಿರಳವಾಗಿ, ಹಳದಿಯಾಗಿ, ಕಾಂಡದಲ್ಲಿ ಟಾರಿನಂಥ ಕಲೆ ಒಸರಿದರೆ ಅದೇ. ಕೊಳೆಗಾದರೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಇದಕ್ಕೆ ಅಂಥ ಮದ್ದಿಲ್ಲ. ನೀರಿನ ಜೊತೆಗೂ ನರ್ಸರಿಯ ಗಿಡಗಳ ಜೊತೆಗೂ ಹರಡುತ್ತದೆ. ಆದ್ದರಿಂದ ಬೀಜ ಎಲ್ಲಿಯದು, ಸಸಿ ಎಲ್ಲಿ ಬೆಳೆದದ್ದು ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ದಡದಲ್ಲಿ ಆಗಲೇ ಹಳೆಯ ಆಲ್ಡರ್‌ಗಳಿದ್ದರಂತೂ ಕೇಳದೆ ತರಬೇಡಿ.

ಈಗ ಹೇಗಿದೆ ಎಂದರೆ, ಕೆಳಗಿನ ಸಾಲು ಹನ್ನೆರಡು ಅಡಿ ದಾಟಿದೆ. ಕೆಸರು ಪೂರ್ತಿ ಹೋಗಿಲ್ಲ. ಚಳಿಗಾಲದಲ್ಲಿ ಎಲೆಯಿಲ್ಲದ ಮರ ನೀರು ಹೀರುವುದಿಲ್ಲ, ಮರ ನೆಟ್ಟರೆ ಜವುಗು ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ದಡ ಕುಸಿಯುವುದು ನಿಂತಿದೆ, ಬೇರು ಮಣ್ಣನ್ನು ಹಿಡಿದಿದೆ. ಶರತ್ಕಾಲದಲ್ಲಿ ಎಲೆ ಹಣ್ಣಾಗದೆ ಹಸಿರಾಗಿಯೇ ಉದುರುತ್ತದೆ. ಬೆಟ್ಟದಿಂದ ಸೊಪ್ಪು ಹೊತ್ತು ತೋಟಕ್ಕೆ ಹಾಕುವ ಮನೆಯಲ್ಲಿ ಬೆಳೆದ ನನಗೆ, ಸೊಪ್ಪು ತಾನೇ ಬಂದು ಬೀಳುವುದನ್ನು ನೋಡುವುದೇ ಒಂದು ಸುಖ. ಹಣ್ಣಿನ ಗಿಡಗಳ ಬುಡಕ್ಕೆ ಅದನ್ನೇ ಹಾಕುತ್ತೇನೆ. ಈ ಫೆಬ್ರವರಿಯಲ್ಲಿ ಎರಡು ಮರಗಳಲ್ಲಿ ಮೊದಲ ಹೂ ಬಂತು. ಎಲೆಗೆ ಮುಂಚೆಯೇ, ಮೆಣಸಿನ ಬಳ್ಳಿಯಲ್ಲಿ ತೆನೆ ಇಳಿಬಿದ್ದ ಹಾಗೆ, ನೇರಳೆ ಹಳದಿ ಬಣ್ಣದಲ್ಲಿ.

ಪಕ್ಕದ ಮನೆಯ ಅಜ್ಜ ಇದನ್ನು ಔಲರ್ ಎನ್ನುತ್ತಾರೆ, ಹಳೆಯ ಲ್ಯಾಂಕಾಶೈರ್ ಮಾತು. ಅವರ ತಾಯಿ ಹತ್ತಿ ಗಿರಣಿಗೆ ಮೆಟ್ಟಿಕೊಂಡು ಹೋಗುತ್ತಿದ್ದ ಕ್ಲಾಗ್‌ಗಳ ಅಟ್ಟೆ ಇದೇ ಮರದ್ದಂತೆ. ಕಡಿದಾಗ ಬಿಳಿ, ಸ್ವಲ್ಪ ಹೊತ್ತಿನಲ್ಲೇ ಕೆಂಪು. ನೀರಿನಲ್ಲಿ ಮುಳುಗಿದ್ದರೆ ಕೊಳೆಯದು. ವೆನಿಸ್ ನಗರದ ಅಡಿಪಾಯದ ಎಷ್ಟೋ ಕಂಬಗಳು ಆಲ್ಡರ್.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿತವಾದ ಒಂದು ಅಂಕ ಹರಿದ ಚೀಲಕ್ಕೂ ತಪ್ಪು ಚೀಟಿಗೂ, ಮರಕ್ಕಲ್ಲ. ಕೊಳ್ಳುವವರಿಗೆ ಇನ್ನೊಂದು ಮಾತು: ಇದು ಬಿಟ್ಟರೆ ಇಪ್ಪತ್ತು ಮೀಟರ್ ಬೆಳೆಯುವ ಮರ, ಗೋಡೆಗೆ ಚರಂಡಿಗೆ ಹತ್ತಿರ ಬೇಡ. ನಾನು ಮನೆಯಿಂದ ಇಪ್ಪತ್ತೈದು ಮೀಟರ್ ದೂರದಲ್ಲಿ ನೆಟ್ಟಿದ್ದೇನೆ. ಎತ್ತರ ಹಿಡಿತದಲ್ಲಿಡಲು ಬುಡಕ್ಕೆ ಕಡಿದರೂ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಮುಂದಿನ ಜನವರಿಯಲ್ಲಿ ಮೊದಲ ಮೂರನ್ನು ಕಡಿಯಬೇಕು. ಆ ತಿಂಗಳು ಅಪ್ಪ ಇಲ್ಲಿರುತ್ತಾರೆ. ಕತ್ತಿ ಹಾಕುವುದು ಎಷ್ಟು ಎತ್ತರಕ್ಕೆ ಎಂದು ಈಗಲೇ ಪ್ರತಿ ಭಾನುವಾರ ವಿಚಾರಿಸುತ್ತಿದ್ದಾರೆ.