ಕೂಸಿಗೆ ಎಷ್ಟು ವಾರ? ಹಾಸನದ ಒಂದು ಆಸ್ಪತ್ರೆಯ ಶಿಶು ತಪಾಸಣೆ

ನಮ್ಮ ಮಗಳ ಎರಡನೆಯ ಹೆರಿಗೆ ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಿತು. ಕೊಠಡಿ ಸಾಧಾರಣವಾಗಿತ್ತು, ಬಿಸಿನೀರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೊದಲು ಹೇಳಿದ ಖರ್ಚಿಗೂ ಕೊನೆಯ ಬಿಲ್ಲಿಗೂ ವ್ಯತ್ಯಾಸವಿರಲಿಲ್ಲ. ನಾನು ಬರೆಯಲು ಕುಳಿತದ್ದು ಅಲ್ಲಿ ಕೂಸನ್ನು ಪರೀಕ್ಷಿಸಿದ ರೀತಿಯ ಬಗ್ಗೆ.

ಮೊದಲ ಮಗುವಿಗೆ ಹಾಲೂಡಿಸುತ್ತಿದ್ದಾಗಲೇ ಬಸಿರಾದ್ದರಿಂದ ಮಗಳಿಗೆ ಕಡೆಯ ಮುಟ್ಟಿನ ದಿನಾಂಕ ತಿಳಿದಿರಲಿಲ್ಲ; ಮೊದಲ ಸ್ಕ್ಯಾನಿಂಗ್ ಆದದ್ದೂ ಏಳನೆಯ ತಿಂಗಳ ಹೊತ್ತಿಗೆ. ಅದರ ಲೆಕ್ಕದಂತೆ ಹೆರಿಗೆಯ ದಿನ 36 ವಾರ. ಗಂಡು ಕೂಸು 2.1 ಕಿಲೋ ತೂಗಿದಾಗ, ಏಳು ತಿಂಗಳದ್ದು ಉಳಿದೀತು, ಎಂಟರದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತನ್ನು ನಮ್ಮ ಬಂಧುಗಳೊಬ್ಬರು ವಾರ್ಡಿನಲ್ಲಿಯೇ ಆಡಿದರು. ಆ ಮಾತಿಗೆ ಯಾವ ಆಧಾರವೂ ಇಲ್ಲ. ಹೊಟ್ಟೆಯಲ್ಲಿ ಹೆಚ್ಚು ದಿನ ಕಳೆದಷ್ಟೂ ಕೂಸಿಗೆ ಒಳ್ಳೆಯದು.

ಮಕ್ಕಳ ವೈದ್ಯರು ಮರುದಿನ ಬೆಳಿಗ್ಗೆ, ಕೂಸು ಹಾಲು ಕುಡಿದು ಶಾಂತವಾಗಿದ್ದಾಗ, ವಾರ್ಮರಿನ ಕೆಳಗೆ ಮಲಗಿಸಿ ನಮ್ಮೆದುರಿಗೇ ಪರೀಕ್ಷೆ ಮಾಡಿದರು. ಕೂಸಿನ ಲಕ್ಷಣಗಳಿಗೆ ಅಂಕ ಹಾಕಿ ಅದು ಹೊಟ್ಟೆಯಲ್ಲಿ ಎಷ್ಟು ವಾರ ಬೆಳೆದಿದೆ ಎಂದು ಅಂದಾಜು ಮಾಡುವ ಇದಕ್ಕೆ ಬಲ್ಲಾರ್ಡ್ ಸ್ಕೋರ್ ಎಂದು ಹೆಸರು. 1979ರಲ್ಲಿ ರೂಪುಗೊಂಡು 1991ರಲ್ಲಿ ಪರಿಷ್ಕೃತವಾದ ಕ್ರಮ. ಮೈಯ ಬೆಳವಣಿಗೆಗೆ ಆರು ಲಕ್ಷಣ, ನರ ಮತ್ತು ಸ್ನಾಯುಗಳ ಬಿಗುವಿಗೆ ಆರು. ಅಂಗಾಲನ್ನು ಬೆಳಕಿಗೆ ಹಿಡಿದು ತೋರಿಸಿದರು: ಬೆರಳಿನ ಬುಡದಿಂದ ಹಿಮ್ಮಡಿಯವರೆಗೂ ಗೆರೆಗಳಿದ್ದವು, ದಿನ ತುಂಬದ ಕೂಸಿನಲ್ಲಿ ಅವು ಮುಂಭಾಗಕ್ಕೆ ಮಾತ್ರ ಇರುತ್ತವೆ ಅಥವಾ ಇರುವುದೇ ಇಲ್ಲ. ಕಿವಿಯನ್ನು ಮಡಿಸಿ ಬಿಟ್ಟರೆ ತಕ್ಷಣ ನೆಟ್ಟಗಾಯಿತು. ಕೈಯನ್ನು ಎದೆಯ ಮೇಲಿಂದ ಎದುರು ಭುಜದತ್ತ ಎಳೆದಾಗ ಮೊಣಕೈ ಎದೆಯ ನಡುಗೆರೆಯನ್ನು ಮುಟ್ಟಲಿಲ್ಲ. ಬೆನ್ನಿನ ನವಿರು ರೋಮ ಅಲ್ಲಲ್ಲಿ ಉದುರಿತ್ತು, ಬೀಜಗಳು ಕೆಳಗಿಳಿದಿದ್ದವು. ಒಟ್ಟು 37 ಅಂಕ ಬಂತು. 35ಕ್ಕೆ 38 ವಾರ, 40ಕ್ಕೆ 40 ವಾರ ಎಂಬುದು ಕೋಷ್ಟಕದ ಲೆಕ್ಕವಾದ್ದರಿಂದ ಕೂಸಿಗೆ 38ರಿಂದ 39 ವಾರ. ಎರಡು ವಾರ ಆಚೀಚೆ ಆಗಬಹುದು ಎಂದೂ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು.

ಅಂದರೆ ಇದು ದಿನ ತುಂಬದ ಕೂಸಲ್ಲ, ದಿನ ತುಂಬಿಯೂ ಹೊಟ್ಟೆಯಲ್ಲಿ ಸಾಕಷ್ಟು ಬೆಳೆಯದ ಕೂಸು. ತಡವಾಗಿ ಮಾಡಿಸಿದ ಸ್ಕ್ಯಾನಿಂಗ್ ಅಳೆಯುವುದು ಗಾತ್ರವನ್ನು. ಸಣ್ಣ ಕೂಸು ಅದರ ಕಣ್ಣಿಗೆ ಎಳೆಯ ಕೂಸಾಗಿಯೇ ಕಾಣುತ್ತದೆ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ್ದರೆ ಇಷ್ಟು ಗೊಂದಲವೇ ಇರುತ್ತಿರಲಿಲ್ಲವೆಂದು ಅವರು ಮಗಳನ್ನು ಗದರದೆ ತಿಳಿಸಿದರು. ಇಂಥ ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುವ ಭಯವಿರುವುದರಿಂದ ಹುಟ್ಟಿದಾಗಿನಿಂದಲೂ ಹಿಮ್ಮಡಿ ಚುಚ್ಚಿ ನೋಡುತ್ತಿದ್ದರು. ರಾತ್ರಿ ಪಾಳಿಯ ಸಿಸ್ಟರ್ ಎರಡು ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಇಷ್ಟು ಚೆನ್ನಾಗಿ ನಡೆದ ಕೆಲಸವನ್ನು ಡಿಸ್ಚಾರ್ಜ್ ಚೀಟಿ ಕೆಡಿಸಿತು. ಅದರಲ್ಲಿ 'ಅವಧಿಪೂರ್ವ ಜನನ, 36 ವಾರ' ಎಂದು ಸ್ಕ್ಯಾನಿಂಗ್ ವರದಿಯಿಂದಲೇ ಇಳಿಸಿಕೊಂಡಿದ್ದರು. ವೈದ್ಯರು ಹಾಕಿದ್ದ ಅಂಕಗಳ ಸುಳಿವೇ ಇರಲಿಲ್ಲ. ಮುಂದೆ ಯಾರಾದರೂ ಆ ಚೀಟಿಯನ್ನು ನಂಬಿದರೆ ಮಗು ಕತ್ತು ನಿಲ್ಲಿಸುವ, ಕೂರುವ ಕಾಲವನ್ನು ಬೇರೆ ದಿನದಿಂದ ಎಣಿಸುತ್ತಾರೆ, ಬೆಳವಣಿಗೆಯ ಕೊರತೆಯೂ ಮರೆಯಾಗುತ್ತದೆ. ತಿದ್ದಿಕೊಡಿ ಎಂದರೆ ಬಿಲ್ಲಿಂಗ್ ಕೌಂಟರಿನವರು ವಾರ್ಡಿಗೆ, ವಾರ್ಡಿನವರು ಕೌಂಟರಿಗೆ ಕಳುಹಿಸಿದರು. ಹಸಿ ಬಾಣಂತಿ ಕಾರಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಕೊನೆಗೆ ವೈದ್ಯರೇ ಕೆಳಗಿಳಿದು ಬಂದು ಬರೆದುಕೊಟ್ಟರು.

ತಪಾಸಣೆಗಾಗಿ ಈ ಆಸ್ಪತ್ರೆಗೆ ಹೋಗಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಚೀಟಿಯಲ್ಲಿನ ವಾರಗಳನ್ನು ಮಾತ್ರ ಮೆಟ್ಟಿಲಿಳಿಯುವ ಮೊದಲೇ ಓದಿಕೊಳ್ಳಿ. ತಿದ್ದಿದ ಪ್ರತಿಯನ್ನು ನಾವು ತಾಯಿ ಕಾರ್ಡಿನ ಒಳಗೆ ಇಟ್ಟಿದ್ದೇವೆ, ಆರನೆಯ ವಾರದ ಲಸಿಕೆಗೆ ಆಲೂರಿನಲ್ಲಿ ತೋರಿಸುವುದು ಅದನ್ನೇ.